ಹಳ್ಳದ ಸಾಕ್ಷಿ: ಸರಪಳಿಯ ಇನ್ನೊಂದು ತುದಿ

“ಆ ಗೋಡಿಗೆ ಬೆನ್ನು ಹಚ್ಚಬ್ಯಾಡ್ರಿ ಅಕ್ಕೋರ. ಕುಸದು ಬಿತ್ತಂದ್ರ ಇನ್ನೊಂದು ಪಂಚನಾಮೆ ನಾನ ಬರೀಬೇಕಾಕ್ಕೈತಿ.”

ಫೌಜದಾರ ಇಮಾಮುದ್ದೀನ ನಗಿಸಲಿಕ್ಕೆಂದು ಆಡಿದ ಮಾತಲ್ಲ ಅದು. ಮುಕ್ತಾಬಾಯಿ ನಗಲೂ ಇಲ್ಲ. ಹಳ್ಳದ ದಂಡೆ ಅವಳ ತಲೆಗಿಂತ ಎತ್ತರಕ್ಕೆ, ಚೂರಿಯಿಂದ ಕೊಯ್ದ ಹಾಗೆ ನೆಟ್ಟಗೆ ನಿಂತಿತ್ತು. ಮೊನ್ನೆಯ ಸೆಳವು ಆ ದಂಡೆಯನ್ನು ಕಡಿದುಕೊಂಡು ಹೋದಾಗ ಅದರ ಹೊಟ್ಟೆಯೊಳಗಿಂದ ಹೊರಬಿದ್ದದ್ದು ಅವಳ ಗಂಡ ಏಕನಾಥನ ಎಲುಬು. ಪಕ್ಕದಲ್ಲಿ ಹೊಲ ಅಳೆಯುವ, ತುಕ್ಕು ಹಿಡಿದ ಮೋಜಣಿ ಸರಪಳಿ. ತಲೆಬುರುಡೆಯ ಹತ್ತಿರ, ಮಣ್ಣಿನಲ್ಲಿ, ಅವನ ಕಿವಿಯ ಮುತ್ತಿನ ಭಿಕಬಾಳಿ.

ಎಲುಬು ಈಗ ನವಲಗುಂದದ ಠಾಣೆಯಲ್ಲಿ ಗೋಣಿಚೀಲದೊಳಗಿದ್ದವು. ದಂಡೆಯ ಮೇಲಿನ ಹೊಲದ ಯಜಮಾನ ಈರಪ್ಪ ಅದೇ ಠಾಣೆಯ ಲಾಕಪ್ಪಿನಲ್ಲಿದ್ದ. ನಾಳೆ ಅವನನ್ನು ಧಾರವಾಡದ ಕೋರ್ಟಿಗೆ ಒಯ್ಯುವವರಿದ್ದರು.

“ನೀವು ಹೇಳೂದು ಹೇಳ್ರಿ, ಕೇಳ್ತೀನಿ,” ಎಂದ ಫೌಜದಾರ, ಬೂಟಿಗೆ ಮೆತ್ತಿದ ಎರಿ ಮಣ್ಣನ್ನು ಕಲ್ಲಿಗೆ ತಿಕ್ಕುತ್ತ. ಮಣ್ಣು ಬಿಡಲಿಲ್ಲ. “ಆದ್ರ ಈರಪ್ಪನ್ನ ಬಿಡ್ರಿ ಅನ್ನಬ್ಯಾಡ್ರಿ. ಕುಂಡ್ರಿಸಿ ಹೂಳೂದು ನಮ್ಮ ಮಂದಿ ಪದ್ಧತಿ ಅಲ್ಲ, ನಾವು ಮಲಗಸ್ತೀವಿ. ನಿಮ್ಮ ಮಂದೀದೂ ಅಲ್ಲ, ನೀವು ಸುಡ್ತೀರಿ. ನಿಮ್ಮ ಯಜಮಾನ್ರು ಚಕ್ಕಳಮಕ್ಕಳ ಹಾಕಿ ಕುಂತಿದ್ರು. ತೊಡೀ ಬಾಜೂಕ ವಿಭೂತಿ ಗಟ್ಟಿ. ಹಂಗ ಹೂಳೂದು ಈರಪ್ಪನ ಮಂದಿ.”

“ಈರಪ್ಪನ ಮಂದಿ ಅಂದ್ರ ಅರ್ಧಾ ತಾಲೂಕು ಆತು, ಸಾಹೇಬ್ರ. ಎಲ್ಲಾರನ್ನೂ ಒಳಗ ಹಾಕ್ತೀರೇನು?”

“ಎಲ್ಲಾರ ಹೊಲದಾಗ ಹೆಣ ಸಿಕ್ಕಿಲ್ಲಲ್ಲರಿ.”

ಮುಕ್ತಾಬಾಯಿ ದಂಡೆಯತ್ತ ತಿರುಗಿದಳು. ನವಲಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ಅವಳು ಭೂಗೋಳ ಕಲಿಸುವವಳು. ನದಿ ತಿರುವಿನ ಹೊರಮಗ್ಗಲನ್ನು ಕೊರೆಯುತ್ತದೆ, ಒಳಮಗ್ಗಲಿಗೆ ಹೂಳು ಬಿಡುತ್ತದೆ ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಡೊಂಕು ಗೆರೆ ಎಳೆದು ತೋರಿಸುತ್ತಿದ್ದಳು. ಆ ಗೆರೆಗಳ ನಡುವೆ ತನ್ನ ಗಂಡ ಕೂತಿದ್ದಾನೆಂದು ಅವಳಿಗೆ ಯಾರು ಹೇಳಬೇಕಿತ್ತು?

ಆರು ವರ್ಷ. ಸರಕಾರಿ ಮೋಜಣಿದಾರ ಏಕನಾಥ ಸರಪಳಿ ಹೆಗಲಿಗೆ ಹಾಕಿಕೊಂಡು ಮೊರಬದ ಕಡೆ ಹೊಲ ಅಳೆಯಲು ಹೋದವನು ತಿರುಗಿ ಬರಲಿಲ್ಲ. ಮುಂದಿನ ಸಂಕ್ರಾಂತಿಗೆ ಮೈದುನ ದಿನಕರ, ಅಣ್ಣನನ್ನು ಮಿರಜ ಸ್ಟೇಶನ್ನಿನಲ್ಲಿ ಕಣ್ಣಾರೆ ಕಂಡೆ ಎಂದು ಬಂದು ಹೇಳಿದ. ಜತೆಗೊಬ್ಬ ಹೆಂಗಸಿದ್ದಳಂತೆ. ಕರೆದರೆ ಗುರುತಿಲ್ಲದವನಂತೆ ಗಾಡಿ ಹತ್ತಿದನಂತೆ. ಅಲ್ಲಿಂದ ಮುಂದೆ ಅವಳು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಅರಿಷಿಣ ಕುಂಕುಮಕ್ಕೆ ಕರೆಯುವವರು ಕರೆಯಬೇಕೋ ಬೇಡವೋ ಎಂದು ಬಾಗಿಲಲ್ಲಿ ತಡವರಿಸುತ್ತಿದ್ದರು. ಬರಬರುತ್ತ ಬಾಗಿಲಿಗೂ ಬರುವುದನ್ನು ಬಿಟ್ಟರು. ಅವಳು ಮಾತ್ರ ಪ್ರತಿದಿನ ಕನ್ನಡಿಯ ಮುಂದೆ ನಿಂತು, ಓಡಿಹೋದವನ ಹೆಸರಿನಲ್ಲಿ ಹಲ್ಲು ಕಚ್ಚಿಕೊಂಡು ಕುಂಕುಮ ಹಚ್ಚಿದಳು.

ದಿನಕರನ ಆ ಮಾತಿನ ಮೇಲೆಯೇ ಈಗ ಠಾಣೆಯ ಕಥೆಯೂ ನಿಂತಿತ್ತು. ಅದರ ಪ್ರಕಾರ ಏಕನಾಥ ಬದುಕಿದ್ದ. ಎರಡು ವರ್ಷದ ಹಿಂದೆ ಗೇಣಿ ಜಮೀನು ಈರಪ್ಪನ ಹೆಸರಿಗೆ ಆಗುವಾಗ ಗುಟ್ಟಾಗಿ ಬಂದು ಅಳತೆಯ ತಕರಾರು ತೆಗೆದ. ಈರಪ್ಪ ಅವನನ್ನು ಮುಗಿಸಿ ತನ್ನ ಹೊಲದಲ್ಲೇ ಹೂತ.

“ಸಾಹೇಬ್ರ, ಈ ಗೋಡಿ ಮೇಲಿಂದ ಕೆಳಗ ನೋಡ್ಕೋತ ಬರ್ರಿ. ಏನೇನು ಕಾಣಸ್ತದ?”

“ಮಣ್ಣು ಕಾಣಸ್ತೈತಿ.”

“ಎಂಥಾ ಮಣ್ಣು?”

ಸಾಲೆಯ ಹುಡುಗನನ್ನು ಕೇಳಿದಂತೆ ಕೇಳಿದ್ದರಿಂದ ಫೌಜದಾರನಿಗೆ ಸಿಟ್ಟು ಬಂತು. ಆದರೂ ನೋಡಿದ. “ಮ್ಯಾಲ ಮೊಳದುದ್ದ ಕರೇದು. ಅದರಾಗ ಗೊಬ್ಬರ, ಗಡಗಿ ಚೂರು ಅದಾವು. ಅದರ ಕೆಳಗ ಗೇಣಗಲ ಬಿಳೀ ಉಸುಕು. ಅದರ ಕೆಳಗ ಮತ್ತ ಕರೇ ಎರಿ. ಆತಿಲ್ಲ?”

“ಮೇಲಿನ ಕರೇ ಮಣ್ಣು ಈರಪ್ಪ ಬಂಡಿಲೆ ಹೇರಿ ತಂದು ಹಾಕಿದ್ದು. ನಡುವಿನ ಉಸುಕು ಹಳ್ಳ ತಂದು ಹಾಸಿದ್ದು. ಕೆಳಗಿಂದು ಮೊದಲಿಂದ ಇದ್ದದ್ದು. ಕೆಳಗಿದ್ದದ್ದು ಮೊದಲು, ಮೇಲಿದ್ದದ್ದು ಆಮ್ಯಾಲ. ಇಷ್ಟು ಒಪ್ತೀರಿಲ್ಲೋ?”

“ಇದಕ್ಕ ಸಾಲೀಗೆ ಹೋಗಬೇಕೇನ್ರಿ? ಬುಟ್ಟ್ಯಾಗ ರೊಟ್ಟಿ ಒಟ್ಟಿದರ ಮೊದಲ ಸುಟ್ಟದ್ದು ತಳದಾಗ ಇರ್ತೈತಿ.”

“ಸರಿ. ಈಗ ಆ ಸಲಿಕಿ ತಗೋರಿ. ಮೇಲೆ ಹೋಗಿ, ಇಲ್ಲಿಂದ ನಾಕು ಮಾರು ಆಚೆ, ದಂಡೀ ಅಂಚಿಗೆ ಒಂದು ಕುಣಿ ತೋಡ್ರಿ. ಉಸುಕು ದಾಟಿ ಕೆಳಗಿನ ಎರಿ ತನಕಾ ಹೋಗಲಿ. ಆಮ್ಯಾಲ ತೋಡಿದ ಮಣ್ಣು ತೋಡಿದ ಹಂಗ ತುಂಬ್ರಿ.”

“ನಾ?”

“ಮತ್ಯಾರು? ನಿಮ್ಮ ಪೊಲೀಸಪ್ಪನ್ನ ಲಾಕಪ್ಪಿನ ಬಾಗಲಕ್ಕ ಕೂಡಿಸಿ ಬಂದೀರಲ್ಲಾ.”

ಇಮಾಮುದ್ದೀನ ಬೈಯುತ್ತಲೇ ಅಂಗಿಯ ತೋಳು ಏರಿಸಿದ. ಕುಣಿ ತೋಡಿದ, ತುಂಬಿದ, ತುಳಿದು ಗಟ್ಟಿ ಮಾಡಿದ. ಬೆವರು ಒರೆಸಿಕೊಳ್ಳುತ್ತ ಕೆಳಗಿಳಿದು ಬಂದಾಗ ಮುಕ್ತಾಬಾಯಿ ಅದೇ ಸಲಿಕೆಯಿಂದ ಅಂಚನ್ನು ಸವರಿ, ಅವನು ತುಂಬಿದ ಕುಣಿಯ ಮಗ್ಗಲನ್ನು ಬಿಚ್ಚಿ ತೋರಿಸಿದಳು.

ಬಿಳಿಯ ಪಟ್ಟಿ ಕುಣಿಯ ಎರಡೂ ಬದಿಗೆ ತುಂಡಾಗಿ ನಿಂತಿತ್ತು. ನಡುವೆ ಕರಿಯದರಲ್ಲಿ ಬಿಳಿಯದು ಕಲಸಿ, ಚುರುಮುರಿಗೆ ಪುಟಾಣಿ ಬೆರೆಸಿದಂತಾಗಿತ್ತು.

“ಉಸುಕಿನ ಪಟ್ಟಿ ಮತ್ತ ಕೂಡಲಿಲ್ಲ ನೋಡ್ರಿ. ನೀವಷ್ಟ ಅಲ್ಲ, ಯಾರು ತುಂಬಿದ್ರೂ ಕೂಡೂದಿಲ್ಲ. ಈಗ ಇತ್ಲಾಗ ಬರ್ರಿ.”

ಏಕನಾಥ ಕೂತಿದ್ದ ಕುಳಿಯ ಅರ್ಧಭಾಗ ಹಳ್ಳದ ಪಾಲಾಗಿತ್ತು. ಉಳಿದರ್ಧ ಗೋಡೆಯಲ್ಲಿ ಗೂಡಿನಂತೆ ಕಾಣುತ್ತಿತ್ತು. ತುಂಬಿದ ಮಣ್ಣಿನಲ್ಲಿ ತಳದ ಸುಣ್ಣಗಲ್ಲಿನ ಹರಳು ಚೆಲ್ಲಾಪಿಲ್ಲಿಯಾಗಿದ್ದವು. ಉಸುಕು ಮಾತ್ರ ಒಂದು ಕಾಳೂ ಇರಲಿಲ್ಲ. ಆ ಬಿಳಿಯ ಪಟ್ಟಿ ಗೂಡಿನ ಮೇಲೆ ಎಲ್ಲೂ ಹರಿಯದೆ, ಮುರಿಯದೆ ಆಚೆಯಿಂದ ಈಚೆಗೆ ಹಾದುಹೋಗಿತ್ತು. ಗೂಡಿನ ನೆತ್ತಿಗೆ ಬಂದಲ್ಲಿ ಸ್ವಲ್ಪ ಕೆಳಗೆ ಜೋತು, ಅಲ್ಲಿಯೇ ತುಸು ದಪ್ಪಗಾಗಿತ್ತು. ಮಲಗಿದ ಕೂಸಿನ ಮೇಲೆ ಹೊದಿಸಿದ ಕೌದಿ ತಗ್ಗಿದ ಹಾಗೆ.

ಇಮಾಮುದ್ದೀನ ಬಹಳ ಹೊತ್ತು ಅಲ್ಲಿಯೇ ನೋಡಿದ. ಬೆರಳಿನಿಂದ ಪಟ್ಟಿಯ ಗುಂಟ ಒಂದು ತುದಿಯಿಂದ ಇನ್ನೊಂದಕ್ಕೆ ಹೋದ.

“ಅಂದ್ರ… ಮೊದಲ ಹುಗದಾರ. ಆಮ್ಯಾಲ ಉಸುಕು ಬಂದೈತಿ.”

“ಬಹಳ ಆಮ್ಯಾಲೂ ಅಲ್ಲ. ಹೊಸಾ ಕುಣಿ ಮಳೀಗೆ ಕುಸೀತದ. ಕುಸಿದ ತಗ್ಗಿನ್ಯಾಗ ಉಸುಕು ದಪ್ಪ ಕೂತದ ನೋಡ್ರಿ. ವರ್ಷಗಟ್ಲೆ ಹಳೇ ಕುಣಿ ಆಗಿದ್ರ ನೆಲ ಸಪಾಟ ಆಗಿರ್ತಿತ್ತು. ಈ ಉಸುಕು ಬಂದದ್ದು ಯಾವ ಮಹಾಪೂರಕ್ಕ ಅಂತ ಮೊರಬದಾಗ ಯಾರನ್ನರ ಕೇಳ್ರಿ.”

“ಕೇಳೂದೇನು, ನನಗ ಗೊತ್ತೈತಿ. ಆರು ವರ್ಷದ ಹಿಂದಿನ ದಸರಾ ಪೂರ. ಹಳ್ಳ ಹಾದೀನ ಬದಲಿ ಮಾಡ್ತು. ಅಂಥಾದ್ದು ಆಮ್ಯಾಲ ಬಂದಿಲ್ಲ.”

“ನಮ್ಮವರು ಹೋದದ್ದು ಆ ದಸರಾಕ್ಕಿಂತ ಎಂಟ್ಹತ್ತು ದಿನ ಮೊದಲ. ಈರಪ್ಪ ಊರಿಗೆ ಬಂದದ್ದು ಮುಂದಿನ ಯುಗಾದಿ ಮುಗಿದ ಮ್ಯಾಲ. ಕಲಘಟಗಿ ಕಡಿಂದ ಬಂಡಿ ಮ್ಯಾಲ ಬಣ್ಣದ ತೊಟ್ಟಲಾ, ಹೆಂಡ್ತಿ ರೇವವ್ವನ್ನ ಹೇರಿಕೊಂಡು ಬಂದದ್ದು ಇಡೀ ಊರು ನೋಡೇದ. ಉಸುಕು ಬಿದ್ದು ಹಾಳಾದ ನೆಲಾ ಅಂತ ಅದನ್ನ ಅವಗ ಗೇಣಿಗೆ ಕೊಟ್ರು. ಅದರ ಮ್ಯಾಲ ಮೊಳದುದ್ದ ಮಣ್ಣು ಹೊತ್ತು ಹಾಕಿ ಹೊಲಾ ಮಾಡಿದಾಂವ, ಕೆಳಗ ಏನದ ಅಂತ ಹೆಂಗ ತಿಳಿಯಬೇಕು?”

ಫೌಜದಾರ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಹಂಗಾರ ಆವಾಗ ಈ ಜಾಗಾ ಯಾರದಿತ್ರಿ?”

ಅವಳು ಪೂರ್ವಕ್ಕೆ, ಈರಪ್ಪನ ಹೊಲದ ಆಚೆ ಅಂಚಿಗೆ ಕೈ ತೋರಿಸಿದಳು. ಅಲ್ಲೊಂದು ಉದ್ದನೆಯ ತಗ್ಗು, ಜಾಲಿಗಿಡ, ಉರುಳಿ ಉರುಳಿ ದುಂಡಗಾದ ಹರಳುಕಲ್ಲು. “ಹಳ್ಳ ಮೊದಲು ಅಲ್ಲೆ ಹರೀತಿತ್ತು. ಪೂರ ಬಂದು ಇತ್ಲಾಗ ಕೊರಕೊಂಡು ಬಂತು. ಹಳ್ಳದ ಆಚೀಕಡೆ ಇದ್ದದ್ದು ಈಚೀಕಡೆ ಬಂತು. ಅವತ್ತು ಈ ನೆಲಾ, ಆಮ್ಯಾಲ ಈರಪ್ಪಗ ಗೇಣಿಗೆ ಕೊಟ್ಟ ಶಂಕ್ರಪ್ಪನವರ ಪಡುವಣ ಹೊಲದ ಅಂಚು. ಅವರೇ ಉಳತಿದ್ರು. ಕೊಂದಾಂವ ಆಗಲಿ, ಹೂತಾಂವ ಆಗಲಿ, ಶಂಕ್ರಪ್ಪನವರ ಹೊಲದಾಗ ಹೂತಾನ. ಹಳ್ಳ ಅದನ್ನ ಎತ್ತಿ ಈರಪ್ಪನ ಹೊಲಕ್ಕ ಇಟ್ಟದ.”

ದಕ್ಷಿಣಕ್ಕೆ, ಕುಂದಗೋಳದ ಕಡೆ, ಮುಗಿಲು ಇದ್ದಿಲಿನಂತೆ ಕಪ್ಪಾಗಿತ್ತು. ಅಲ್ಲಿ ಬಿದ್ದ ಮಳೆ ಇಲ್ಲಿ ಹನಿಯೂ ಕಾಣದ ಹೊತ್ತಿನಲ್ಲಿ ಹಳ್ಳದಲ್ಲಿ ಬಂದು ಮುಟ್ಟುತ್ತದೆ. ಫೌಜದಾರನಿಗೂ ಅದು ಗೊತ್ತಿತ್ತು.

“ಇಬ್ಬರು ಪಂಚರು ಬೇಕ್ರಿ. ಅವರ ಕಣ್ಣಮುಂದ ಬರಸಿದ್ರಷ್ಟ ಕೋರ್ಟಿನ್ಯಾಗ ನಿಲ್ತೈತಿ. ಗೋಡಿ ಬಿದ್ದು ಹೋತಂದ್ರ ನಿಮ್ಮ ಪಾಠಾ ಯಾರೂ ಕೇಳೂದಿಲ್ಲ.” ಅವನು ದಂಡೆ ಹತ್ತಿದ. ಜೀಪು ಎರಿ ಹಾದಿಯಲ್ಲಿ ಹುಗಿದು ಅರ್ಧ ಹರದಾರಿ ಆಚೆ ನಿಂತಿತ್ತು. ನಡೆದೇ ಊರಿಗೆ ಹೋಗಬೇಕು. “ಯಾರನ್ನೂ ಇದರ ಸನೇಕ ಬಿಡಬ್ಯಾಡ್ರಿ. ನೀರಿನ ಸಪ್ಪಳಾ ಬಂತಂದ್ರ ನೀವು ಮೊದಲ ಮ್ಯಾಲ ಹತ್ರಿ. ಸತ್ತವರ ಸಲುವಾಗಿ ಸಾಯಬ್ಯಾಡ್ರಿ.”

ಅವನು ಹೋದ ಮೇಲೆ ಹಳ್ಳದಲ್ಲಿ ಅವಳು ಮತ್ತು ಆ ಗೂಡು ಮಾತ್ರ ಉಳಿದರು. ಆರು ವರ್ಷ ಬೈದ ಗಂಡ. ಅವಳು ಬೈಯುತ್ತಿದ್ದಾಗಲೆಲ್ಲ ಅವನು ಇಲ್ಲಿ ನೆಟ್ಟಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಅಳು ಬರಬೇಕಿತ್ತು. ಬಾಯಿ ಕಹಿಯಾಯಿತು, ಅಷ್ಟೇ.

ಸಪ್ಪಳ ಬಂತು. ನೀರಿನದಲ್ಲ, ಟ್ರ್ಯಾಕ್ಟರಿನದು.

ಈರಪ್ಪನ ಬೆಳೆಯನ್ನು ತುಳಿಯುತ್ತಲೇ ಅದು ದಂಡೆಯ ಅಂಚಿಗೆ ಬಂದು ನಿಂತಿತು. ಹಿಂದೆ ಮಣ್ಣು ಸರಿಸುವ ಕಬ್ಬಿಣದ ಹಲಗೆ. ಮೇಲೆ ಬಿಳಿ ರುಮಾಲಿನ ಶಂಕ್ರಪ್ಪ. ಎಂಜಿನ್ ಬಂದ್ ಮಾಡಲಿಲ್ಲ.

“ಅಕ್ಕೋರ, ಮ್ಯಾಲ ಬರ್ರಿ. ದಂಡಿ ಕಡದು ಇಳಕಲ ಮಾಡ್ತೀನಿ. ಇಲ್ಲಾಂದ್ರ ಪಾಪ, ರೇವವ್ವನ ಹೊಲಾ ಎಲ್ಲಾ ಇವತ್ತ ಹಳ್ಳಕ್ಕ ಹೋಕ್ಕೈತಿ.”

“ಗಂಡ ಲಾಕಪ್ಪಿನ್ಯಾಗ ಇರೂವಾಗ ರೇವವ್ವನ ಮ್ಯಾಲ ಇಷ್ಟು ಕರುಣಾ ಬಂತೇನ್ರಿ? ಇದ ಹೊಲದ ಸಲುವಾಗಿ ಟ್ರಿಬ್ಯುನಲ್ಲಿನ್ಯಾಗ ಜಗಳಾ ಆಡೂವಾಗ ಆ ಕರುಣಾ ಕಾಣಲಿಲ್ಲ.”

“ಬಾಯಿ ಚೂಪ ಐತಿ ನಿಮ್ಮದು.” ಶಂಕ್ರಪ್ಪ ಎಲೆಯಡಿಕೆ ಉಗುಳಿದ. “ನಿಮ್ಮ ಯಜಮಾನ್ರ ಎಲುಬು ಸಿಕ್ಕಾವು. ಒಯ್ದು ಕರ್ಮಾ ಮಾಡ್ರಿ. ಹಳ್ಳದಾಗ ಸಾಲಿ ಯಾಕ ತಗದೀರಿ?”

“ಸಾಲಿ ಮುಗಿದದ. ಫೌಜದಾರ್ರು ಪಾಸಾಗಿ ಪಂಚರನ್ನ ತರ್ಲಿಕ್ಕೆ ಹೋಗ್ಯಾರ.” ಅವಳು ಹಿಂದೆ ಸರಿದು, ಫೌಜದಾರ ಬೇಡವೆಂದಿದ್ದ ಗೋಡೆಗೇ ಬೆನ್ನು ಹಚ್ಚಿ ನಿಂತಳು. ಗೂಡು ಅವಳ ಹೆಗಲ ಪಕ್ಕಕ್ಕಿತ್ತು. “ಹಲಗಿ ಇಳಸ್ರಿ. ನನ್ನನ್ನೂ ಕುಂಡ್ರಿಸಿ ಹೂಳ್ತೀರೋ, ಹಂಗ ಮಲಗಿಸಿ ಬಿಡ್ತೀರೋ?”

ಟ್ರ್ಯಾಕ್ಟರು ಗುಡುಗುಡು ಎನ್ನುತ್ತಲೇ ಇತ್ತು. ಮೇಲಿನ ಅಂಚಿನಿಂದ ಮಣ್ಣಿನ ಹೆಂಟೆಯೊಂದು ಉದುರಿ ಅವಳ ಸೆರಗಿನ ಮೇಲೆ ಒಡೆಯಿತು.

“ಕೊಂದು ಹಳ್ಳಕ್ಕ ಒಗೆದಿದ್ರ ಮಾಯ ಆಗತಿತ್ತು,” ಎಂದಳು ಅವಳು. “ಒಗೀಲಿಲ್ಲ. ಗೂಡು ತೋಡಿ, ಕಾಲು ಮಡಚಿ, ಮೂಡಣಕ್ಕ ಮಾರಿ ಮಾಡಿ ಕೂಡಸೀರಿ. ವಿಭೂತಿ ಇಟ್ಟೀರಿ. ಸಿಟ್ಟಿನ್ಯಾಗ ಕೊಂದಾಂವ ಇಷ್ಟೆಲ್ಲಾ ಮಾಡೂದಿಲ್ಲ. ಮಣ್ಣು ಕೊಡೂದು ಗೊತ್ತಿದ್ದಾಂವ, ಹೆಣಾ ಹಂಗ ಬಿಟ್ರ ನಿದ್ದಿ ಹತ್ತದಾಂವ ಮಾಡ್ತಾನ. ನಿಮ್ಮ ಹೊಲ, ನಿಮ್ಮ ಸಲಿಕಿ. ಹೌದಲ್ಲೋ?”

ಶಂಕ್ರಪ್ಪನ ಕೈ ಕೆಳಗೆ ಹೋಯಿತು. ಎಂಜಿನ್ ಬಂದಾಯಿತು. ಹಠಾತ್ತನೆ ಹರಡಿದ ಮೌನದಲ್ಲಿ ಅವನ ದನಿ ಮುದುಕನದಾಗಿತ್ತು.

“ಕುಂಡ್ರಿಸಿದಾಂವ ನಾನ. ಕೊಂದಾಂವ ನಾನಲ್ಲ.”

ಅವಳು ಸೆರಗಿನ ಮಣ್ಣು ಕೊಡವಿದಳು.

“ಸಂಜೀಮುಂದ ದನಾ ಹೊಡಕೊಂಡು ಬರೂವಾಗ ನೋಡಿದೆ. ಹೊಲದಂಚಿಗೆ ಬಿದ್ದಿದ್ರು. ತಲೀ ಹಿಂಬದಿ ಒಡದಿತ್ತು. ಸರಕಾರೀ ಮನಶ್ಯಾ, ನನ್ನ ಹೊಲದಾಗ, ನನ್ನ ಗಡಿ ಅಳಿಯಾಕ ಬಂದಾಂವ. ಯಾರು ನಂಬತಿದ್ರು? ನರಿಗೆ ಬಿಡಾಕ ಮನಸ ಆಗಲಿಲ್ಲ. ನನಗ ಬರೂ ಪದ್ಧತಿ ಒಂದ. ಹಂಗ ಮಾಡಿದೆ.”

“ಈಗ ಈರಪ್ಪ ಫಾಶಿಗೆ ಹೋದ್ರ ಅದಕ್ಕ ಯಾವ ಪದ್ಧತಿ?”

“ನಿಮಗೇನು ಗೊತ್ತೈತ್ರಿ ಹೊಲಾ ಹೋದ ಸಂಕಟ?” ಶಂಕ್ರಪ್ಪ ಸಿಡಿದ. “ನಾ ಬ್ಯಾಡಂದು ಒಗದ ನೆಲಾ, ಅಂವ ಬಂಗಾರ ಮಾಡ್ಕೊಂಡ. ಉಳೂವಾಂವಂದ ಹೊಲಾ ಅಂತ ಕಾಯದೆ ಬಂತು, ಅವಂದ ಆತು. ದಿನಾ ಕಣ್ಣಮುಂದ ಹಸರ ಕಾಣಸ್ತೈತಿ. ಹಳ್ಳ ತಾನ ಒಯ್ದು ಅವನ ಕೊಳ್ಳಿಗೆ ಕಟ್ಟಿದರ ನಾ ಯಾಕ ಬಿಚ್ಚಲಿ ಅಂತ ಸುಮ್ಮನ ಕುಂತೆ. ಕೆಟ್ಟಾಂವ ಅನ್ರಿ. ಕೊಲೆಗಾರ ಅನಬ್ಯಾಡ್ರಿ.”

“ಮತ್ತ ಯಾರು ಕೊಂದ್ರು? ಅವರು ಹೊಲಕ್ಕ ಬರಲೇ ಇಲ್ಲ ಅಂತ ಇಡೀ ಊರು ಹೇಳ್ತು. ಸರಪಳಿ ಹಿಡೀಬೇಕಾಗಿದ್ದ ವಾಲೀಕಾರ ಕರಿಸಿದ್ದಪ್ಪಗ ಅವತ್ತು ಚಳಿಜ್ವರ. ಯಾರೂ ನೋಡಿಲ್ಲ.”

ಶಂಕ್ರಪ್ಪ ನಕ್ಕ. ಆ ನಗೆಯಲ್ಲಿ ಕರುಣೆ ಇದ್ದಂತಿತ್ತು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

“ಕರಿಸಿದ್ದಪ್ಪ ಬರಲಿಲ್ಲ, ಖರೆ. ಆದ್ರ ಅಳತಿ ಆಗಿತ್ತು ಅಕ್ಕೋರ. ನಾ ಹೋದಾಗ ಹಳ್ಳದಿಂದ ಬಾಂದದ ಕಲ್ಲಿನ ತನಕಾ ಸರಪಳಿ ಬಿಗಿಯಾಗಿ ಎಳದದ್ದು ಎಳದಂಗ ಬಿದ್ದಿತ್ತು. ಸರಪಳಿ ಒಬ್ಬರ ಎಳಿಯಾಕ ಬರ್ತೈತೇನ್ರಿ? ಭೂಗೋಳಾ ಕಲಸ್ತೀರಿ, ಇದು ಹೊಳೀಲಿಲ್ಲೇನು? ಒಂದು ತುದಿ ನಿಮ್ಮ ಯಜಮಾನ್ರ ಕೈಯಾಗ. ಇನ್ನೊಂದು ತುದಿ ಯಾರ ಕೈಯಾಗಿತ್ತು ಅಂತ ನಿಮ್ಮ ಮನ್ಯಾಗ ಕೇಳ್ರಿ.”

ನಮ್ಮ ಮನೆಯಲ್ಲಿ?

ಮುಕ್ತಾಬಾಯಿ ತಲೆಯೆತ್ತಿ ಬಿಳಿಯ ಪಟ್ಟಿಯನ್ನು ನೋಡಿದಳು. ಬೆಳಗಿನಿಂದ ಅದನ್ನೇ ನೋಡುತ್ತಿದ್ದಳು, ಫೌಜದಾರನಿಗೆ ಬೆರಳಿಟ್ಟು ತೋರಿಸಿದ್ದಳು. ಅದು ಈರಪ್ಪನನ್ನು ಬಿಡಿಸುತ್ತದೆ ಎಂಬುದಷ್ಟೇ ಅವಳ ಕಣ್ಣಿಗೆ ಬಿದ್ದಿತ್ತು. ಅದು ಹೇಳುತ್ತಿದ್ದ ಇನ್ನೊಂದು ಮಾತು ಈಗ ಕೇಳಿಸಿತು.

ದಸರೆಯ ಉಸುಕು ಬೀಳುವ ಮೊದಲೇ ಏಕನಾಥ ಇಲ್ಲಿ ಕೂತಿದ್ದ.

ಹಾಗಾದರೆ ಸಂಕ್ರಾಂತಿಗೆ ಮಿರಜ ಸ್ಟೇಶನ್ನಿನಲ್ಲಿ ದಿನಕರ ಕಂಡದ್ದು ಯಾರನ್ನು?

ಆರು ವರ್ಷ ಅವಳು ಉಂಡದ್ದು ದಿನಕರನ ಮನೆಯ ಅನ್ನ. ಅವನೇ ಸಾಲೆಯ ನೌಕರಿ ಕೊಡಿಸಿದ. ಅವಳ ಮಗಳು ಅವನನ್ನು ಕಾಕಾ ಎಂದು ಕರೆದು ಅವನ ಬೆನ್ನಿಗೆ ಜೋತುಬೀಳುತ್ತಾಳೆ. ಇವತ್ತು ಬೆಳಿಗ್ಗೆಯೂ, ಒಬ್ಬರೇ ಹೋಗಬೇಡಿ ವೈನಿ ಎಂದು ಮತ್ತೆ ಮತ್ತೆ ಹೇಳಿದ್ದ. ಅವಳ ಮೇಲಿನ ಕಾಳಜಿಯೆಂದು ತಿಳಿದಿದ್ದಳು.

ದೂರದಲ್ಲಿ ತುಂಬಿದ ಬಂಡಿಗಳು ಸಾಲಾಗಿ ಹೊರಟಂಥ ಸಪ್ಪಳ. ಹಳ್ಳದ ತಿರುವಿನಲ್ಲಿದ್ದ ಬೆಳ್ಳಕ್ಕಿಗಳು ಒಮ್ಮೆಲೆ ಎದ್ದವು.

“ವೈನಿ!”

ದಂಡೆಯ ಮೇಲೆ, ಟ್ರ್ಯಾಕ್ಟರಿನ ಈಚೆ, ದಿನಕರ ನಿಂತಿದ್ದ. ಧೋತರಕ್ಕೆ ಮೊಣಕಾಲಿನವರೆಗೆ ಕೆಸರು. ಓಡಿ ಬಂದ ಏದುಸಿರು. ಶಂಕ್ರಪ್ಪ ಅವನನ್ನು ನೋಡಿದ. ಅವನು ಶಂಕ್ರಪ್ಪನನ್ನು ನೋಡಲಿಲ್ಲ.

“ನೀರು ಬರ್ಲಿಕ್ಕೆ ಹತ್ತೇದ ವೈನಿ, ಅಲ್ಲೇನು ಮಾಡ್ಲಿಕ್ಕೆ ಹತ್ತೀರಿ? ಲಗೂನ ಕೈ ಕೊಡ್ರಿ.” ಅವನು ಅಂಚಿಗೆ ಮೊಣಕಾಲೂರಿ ಬಗ್ಗಿದ. ಬಲಗೈ ಚಾಚಿದ. ಅಗಲವಾದ, ಗುರುತಿನ ಅಂಗೈ. ಮನೆಯಲ್ಲಿ ದಿನಾ ನೋಡುವ ಕೈ.

ಹತ್ತಲು ಬೇರೆ ದಾರಿ ಇರಲಿಲ್ಲ. ಫೌಜದಾರ ಹತ್ತಿಹೋದ ಜಾಗ ಆ ತಿರುವಿನ ಹತ್ತಿರ, ನೀರು ಬರುವ ಕಡೆಗೇ ಇತ್ತು.

ಅವಳು ಕೈ ಎತ್ತಿದಳು. ಅರ್ಧಕ್ಕೆ ನಿಲ್ಲಿಸಿದಳು.

“ದಿನಕರ, ಒಂದು ಮಾತು ಕೇಳ್ತೀನಿ.”

“ಮನೀಗೆ ಹೋಗಿ ಕೇಳ್ರೆಲಾ!”

“ಇಲ್ಲೇ ಹೇಳು. ಮಿರಜಿನ್ಯಾಗ ನಿಮ್ಮ ಅಣ್ಣನ ಕಿವ್ಯಾಗ ಭಿಕಬಾಳಿ ಇತ್ತೇನು?”

ಕೆಂಪು ನೀರಿನ ಮೊದಲ ನಾಲಿಗೆ ಉಸುಕಿನ ಮೇಲೆ ಹರಿದು ಬಂದು ಅವಳ ಹಿಮ್ಮಡಿಯನ್ನು ಮುಟ್ಟಿತು. ಹಿಂದಿನ ಗೋಡೆಯಿಂದ ಬಿಳಿಯ ಉಸುಕು ಸಣ್ಣಗೆ ಸುರಿಯತೊಡಗಿತು.

ಚಾಚಿದ ಕೈ ಹಿಂದೆ ಸರಿಯಲಿಲ್ಲ. ಅವಳು ನೋಡುತ್ತಿದ್ದಂತೆಯೇ, ಬೆರಳು ಒಂದೊಂದಾಗಿ ಮಡಚಿ, ಅಂಗೈ ಮೆಲ್ಲಗೆ ಮುಚ್ಚಿಕೊಂಡಿತು.